ತನ್ನ ವಿಷಕ್ಕೆ ತಾನು ಸಾಯದ ಮಣ್ಣಿನ ಜೀವಿ

ಬೇಸಿಗೆಯಲ್ಲಿ ಕಾದ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನು ಅರಿಯದ ರೈತರಿಲ್ಲ. ಹೊಸಕೋಟೆಯ ಕೆಮ್ಮಣ್ಣಿನ ಹೊಲಗಳಲ್ಲಿ ಏಳುವ ಈ ವಾಸನೆ, ಒಂದು ಕಾಲಕ್ಕೆ ತೋಟ ಗದ್ದೆಗಳಿದ್ದು ಈಗ ಕಟ್ಟಡಗಳಿಂದ ತುಂಬಿರುವ ಕೃಷ್ಣರಾಜಪುರ, ಇಂದಿರಾನಗರ, ಹಲಸೂರುಗಳ ಹಿತ್ತಲುಗಳಲ್ಲಿಯೂ ಏಳುತ್ತದೆ. ನಿಜ ಹೇಳಬೇಕೆಂದರೆ ಈ ವಾಸನೆ ಮಣ್ಣಿನದಲ್ಲ; ಮಣ್ಣಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳದು. ಅವುಗಳಲ್ಲಿ ಮುಖ್ಯವಾದುದು ಸ್ಟ್ರೆಪ್ಟೊಮೈಸಿಸ್ ಎಂಬ ದುಂಡಾಣು ಗುಂಪು. ಅದು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವೇ ಈ ಪರಿಮಳಕ್ಕೆ ಕಾರಣ.

ವಾಸನೆಯಷ್ಟೇ ಅಲ್ಲ, ಇದೇ ಗುಂಪಿನ ಜೀವಿಗಳು ಮನುಷ್ಯನಿಗೆ ಮತ್ತೊಂದು ದೊಡ್ಡ ಕೊಡುಗೆಯನ್ನು ನೀಡಿವೆ. ಅದೇ ಪ್ರತಿಜೀವಕ, ಅಂದರೆ ನಾವು ದಿನಬಳಕೆಯಲ್ಲಿ ಆಂಟಿಬಯೋಟಿಕ್ ಎನ್ನುವ ಔಷಧ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗೆ ಕೊಡುವ ಹಲವು ಚುಚ್ಚುಮದ್ದುಗಳ ಮೂಲವೂ, ಟೊಮೇಟೊ ಮತ್ತು ದಾಳಿಂಬೆಗೆ ಸಿಂಪಡಿಸುತ್ತ ಬಂದಿರುವ ಸ್ಟ್ರೆಪ್ಟೊಸೈಕ್ಲಿನ್ ಪುಡಿಯ ಮೂಲವೂ ಮಣ್ಣಿನ ಈ ಜೀವಿಗಳೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸ್ಟ್ರೆಪ್ಟೊಮೈಸಿಸ್ ಕೂಡ ಒಂದು ದುಂಡಾಣು. ಅದು ತಯಾರಿಸುವ ವಿಷ ದುಂಡಾಣುಗಳನ್ನು ಕೊಲ್ಲುವ ವಿಷ. ಹಾಗಿದ್ದಲ್ಲಿ ವಿಷವನ್ನು ಹೊಟ್ಟೆಯಲ್ಲೇ ಬೇಯಿಸುವ ಈ ಜೀವಿ ಮೊದಲು ತಾನೇ ಏಕೆ ಸಾಯುವುದಿಲ್ಲ? ಪ್ರಶ್ನೆ ಸಣ್ಣದಾಗಿ ಕಂಡರೂ ಇದರ ಉತ್ತರವನ್ನು ತಿಳಿದ ರೈತರು ಔಷಧದ ಪೊಟ್ಟಣವನ್ನು ಒಡೆಯುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಹೊಲದಲ್ಲೇ ಸಿಕ್ಕ ಮದ್ದು

ಪ್ರತಿಜೀವಕಗಳ ಚರಿತ್ರೆಯಲ್ಲಿ ಕೃಷಿ ಭೂಮಿಗೆ ಮುಖ್ಯ ಸ್ಥಾನವಿದೆ. ಕ್ಷಯರೋಗಕ್ಕೆ ಮೊಟ್ಟಮೊದಲು ಗುಣ ತೋರಿಸಿದ ಪ್ರತಿಜೀವಕ ಸ್ಟ್ರೆಪ್ಟೊಮೈಸಿನ್. ಇದನ್ನು ೧೯೪೩ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದ ಆಲ್ಬರ್ಟ್ ಶಾಟ್ಜ್ ಕಂಡುಹಿಡಿದರು. ಶಾಟ್ಜ್ ರೈತ ಕುಟುಂಬದ ಹುಡುಗ. ಮದ್ದನ್ನು ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಜೀವಿ ಅವರಿಗೆ ಎರಡು ಕಡೆ ಸಿಕ್ಕಿತು. ಒಂದು, ಚೆನ್ನಾಗಿ ಗೊಬ್ಬರ ಹಾಕಿದ್ದ ಹೊಲದ ಮಣ್ಣು. ಇನ್ನೊಂದು, ಕೋಳಿಯ ಗಂಟಲು!

೧೯೪೮ರಲ್ಲಿ ಬೆಳಕಿಗೆ ಬಂದ ಆರಿಯೋಮೈಸಿನ್ ಎಂಬ ಮದ್ದಿನ ಮೂಲವೂ ಹೊಲವೇ. ಟೆಟ್ರಾಸೈಕ್ಲಿನ್ ಗುಂಪಿಗೆ ಸೇರಿದ ಈ ಮದ್ದನ್ನು ಕಂಡುಹಿಡಿದ ಬೆಂಜಮಿನ್ ಡಗ್ಗರ್ ಸಸ್ಯರೋಗ ತಜ್ಞರು. ಮದ್ದು ನೀಡಿದ ಮಣ್ಣು ಮಿಸ್ಸೌರಿ ವಿಶ್ವವಿದ್ಯಾನಿಲಯದ ಪ್ರಯೋಗ ತಾಕಿನಿಂದ ಬಂದದ್ದು.

ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಪುಣೆಯ ಬಳಿಯ ಪಿಂಪ್ರಿಯಲ್ಲಿ ೧೯೫೪ರಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಕರ್ನಾಟಕ ಮೂಲದ ಶಿಲೀಂಧ್ರ ತಜ್ಞ ಡಾ. ಎಂ. ಜೆ. ತಿರುಮಲಾಚಾರ್. ಅವರೂ ಅವರ ಸಹೋದ್ಯೋಗಿಗಳೂ ೧೯೬೧ರಲ್ಲಿ ಹ್ಯಾಮೈಸಿನ್ ಎಂಬ ಮದ್ದನ್ನೂ, ೧೯೬೪ರಲ್ಲಿ ಆರಿಯೋಫಂಜಿನ್ ಎಂಬ ಮದ್ದನ್ನೂ ಪ್ರಕಟಿಸಿದರು. ಎರಡೂ ಮಣ್ಣಿನ ಜೀವಿಗಳಿಂದ ಪಡೆದ ಶಿಲೀಂಧ್ರನಾಶಕಗಳು. ಆರಿಯೋಫಂಜಿನ್ ಬೆಳೆ ರೋಗಗಳಿಗೂ ಬಳಕೆಗೆ ಬಂತು. ಬುಡ ಕೊಳೆಯುವ ರೋಗ ತಗುಲಿದ ತೆಂಗಿನ ಮರಗಳಿಗೆ ಬೇರಿನ ಮೂಲಕ ಇದನ್ನು ಉಣಿಸುವ ಕ್ರಮವನ್ನು ಕೆಲವು ತೆಂಗು ಬೆಳೆಗಾರರು ಬಲ್ಲರು.

ಗುರಾಣಿಯ ಐದು ಬಗೆ

ವಿಷ ತಯಾರಿಸುವ ಜೀವಿ ತನ್ನನ್ನು ಕಾಪಾಡಿಕೊಳ್ಳಲು ಹಲವು ಉಪಾಯಗಳನ್ನು ಮಾಡಿಕೊಂಡಿದೆ. ಅವುಗಳಲ್ಲಿ ಐದನ್ನು ಇಲ್ಲಿ ನೋಡೋಣ.

ಮೊದಲನೆಯದು, ಆಯುಧಕ್ಕೆ ಒರೆ ಹಾಕುವುದು. ಹರಿತವಾದ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವವರು ಅದಕ್ಕೆ ಒರೆ ಹಾಕಿರುತ್ತಾರೆ. ಹೊಲ ಸೇರಿದ ಮೇಲೆ ತೆಗೆಯುತ್ತಾರೆ. ಸ್ಟ್ರೆಪ್ಟೊಮೈಸಿನ್ ತಯಾರಿಸುವ ಜೀವಿ ಮಾಡುವುದೂ ಇದನ್ನೇ. ಜೀವಕೋಶದ ಒಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಪುಟ್ಟ ಯಂತ್ರಗಳಿವೆ. ಸ್ಟ್ರೆಪ್ಟೊಮೈಸಿನ್ ಈ ಯಂತ್ರಕ್ಕೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಆದ್ದರಿಂದ ಈ ಜೀವಿ ತನ್ನೊಳಗೆ ವಿಷವನ್ನು ತಯಾರಿಸುವಾಗಲೇ ಅದಕ್ಕೆ ರಂಜಕದ ಒಂದು ತುಣುಕನ್ನು ಜೋಡಿಸಿಬಿಡುತ್ತದೆ. ತುಣುಕು ಜೋಡಿಸಿದ ಮದ್ದು ಯಂತ್ರಕ್ಕೆ ಅಂಟಲಾರದು. ಹೀಗೆ ಒರೆ ಹಾಕಿದ ಮದ್ದು ಕೋಶದಿಂದ ಹೊರಬಿದ್ದ ಮೇಲೆ ಬೇರೊಂದು ಕಿಣ್ವವು ರಂಜಕದ ತುಣುಕನ್ನು ಕಳಚುತ್ತದೆ. ಅಲ್ಲಿಂದ ಮುಂದೆ ಅದು ನೆರೆಯ ದುಂಡಾಣುಗಳ ಪಾಲಿಗೆ ಬರಿ ಕತ್ತಿ.

ಎರಡನೆಯದು, ಹೊರಗೆ ಎತ್ತಿ ಹಾಕುವುದು. ಅಡಿಪಾಯ ತೋಡುವಾಗ ನೀರು ಜಿನುಗಿದರೆ ಪಂಪಿಟ್ಟು ಎತ್ತಿ ಹಾಕುತ್ತೇವಲ್ಲವೆ? ಹಾಗೆಯೇ ಕೋಶದ ಪೊರೆಯಲ್ಲಿ ಪಂಪಿನಂತೆ ಕೆಲಸ ಮಾಡುವ ಪ್ರೋಟೀನುಗಳಿವೆ. ಟೆರಾಮೈಸಿನ್ ಎಂದು ದನಕರುಗಳ ಚಿಕಿತ್ಸೆಯಲ್ಲಿ ಹೆಸರಾದ ಆಕ್ಸಿಟೆಟ್ರಾಸೈಕ್ಲಿನ್ ತಯಾರಿಸುವ ಜೀವಿಯಲ್ಲಿ ಇಂತಹ ಪಂಪುಗಳಿವೆ. ಜೊತೆಗೆ, ಅಂಟಿಕೊಂಡ ಮದ್ದನ್ನು ರೈಬೋಸೋಮಿನಿಂದ ಬಿಡಿಸುವ ಕಾವಲು ಪ್ರೋಟೀನೂ ಇದೆ. ಒಂದು ಬೇಲಿ ಸಾಲದೆಂದು ಎರಡು ಬೇಲಿ ಹಾಕಿಕೊಂಡಂತೆ.

ಮೂರನೆಯದು, ಬೀಗವನ್ನು ಬದಲಾಯಿಸುವುದು. ವಿಷ ಎಂಬುದು ಒಂದು ಕೀಲಿಕೈ ಎಂದುಕೊಂಡರೆ, ಅದು ಹೊಂದುವ ಬೀಗ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಎರಿತ್ರೊಮೈಸಿನ್ ತಯಾರಿಸುವ ಜೀವಿ ತನ್ನ ರೈಬೋಸೋಮಿನ ಒಂದು ನಿರ್ದಿಷ್ಟ ಜಾಗಕ್ಕೆ ಚಿಕ್ಕದೊಂದು ರಾಸಾಯನಿಕ ಗುಂಪನ್ನು ಸೇರಿಸಿ ಕೀಲಿಕೈ ಹೊಂದದಂತೆ ಮಾಡಿಕೊಳ್ಳುತ್ತದೆ. ವ್ಯಾಂಕೊಮೈಸಿನ್ ತಯಾರಿಸುವ ಜೀವಿ ತನ್ನ ಕೋಶಭಿತ್ತಿ ಕಟ್ಟುವ ಇಟ್ಟಿಗೆಯ ತುದಿಯನ್ನೇ ಬದಲಿಸಿಕೊಳ್ಳುತ್ತದೆ.

ನಾಲ್ಕನೆಯದು, ಬದಲಿ ಸಲಕರಣೆ ಇಟ್ಟುಕೊಳ್ಳುವುದು. ಒಂದು ನೇಗಿಲು ಮುರಿದರೂ ಉಳುಮೆ ನಿಲ್ಲದಿರಲೆಂದು ಮತ್ತೊಂದನ್ನು ಇಟ್ಟುಕೊಂಡಂತೆ, ಕೆಲವು ಜೀವಿಗಳು ತಮ್ಮ ವಿಷ ತಾಗದ ಎರಡನೆಯ ಯಂತ್ರವನ್ನು ಇಟ್ಟುಕೊಂಡಿರುತ್ತವೆ. ಇದರ ಉದಾಹರಣೆಯನ್ನು ಮುಂದೆ ಗುಲಾಬಿ ಗಿಡದ ವಿಷಯದಲ್ಲಿ ಕಾಣುವಿರಿ.

ಐದನೆಯದು ತೀರ ಸುಲಭ. ಹಲ್ಲೇ ಇಲ್ಲದವನಿಗೆ ಹಲ್ಲುನೋವೆಲ್ಲಿಂದ ಬಂದೀತು? ತಿರುಮಲಾಚಾರ್ ಅವರ ಆರಿಯೋಫಂಜಿನ್ ಮತ್ತು ಹ್ಯಾಮೈಸಿನ್ ಶಿಲೀಂಧ್ರಗಳ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂತಹ ವಸ್ತುವನ್ನು ಹಿಡಿದು ಪೊರೆಯನ್ನು ಕೆಡಿಸುತ್ತವೆ. ಮದ್ದನ್ನು ತಯಾರಿಸುವ ಜೀವಿ ದುಂಡಾಣು. ಅದರ ಪೊರೆಯಲ್ಲಿ ಆ ವಸ್ತುವೇ ಇಲ್ಲ. ಆದ್ದರಿಂದ ಅದಕ್ಕೆ ಭಯವೂ ಇಲ್ಲ. ದುಂಡಾಣು ರೋಗಕ್ಕೆ ಆರಿಯೋಫಂಜಿನ್ ನಾಟದು, ಶಿಲೀಂಧ್ರ ರೋಗಕ್ಕೆ ಸ್ಟ್ರೆಪ್ಟೊಮೈಸಿನ್ ನಾಟದು ಎಂಬುದಕ್ಕೂ ಇಂತಹದೇ ಕಾರಣ.

ಗಮನಿಸಬೇಕಾದ ಮತ್ತೊಂದು ಸಂಗತಿ ಇದೆ. ವಿಷ ತಯಾರಿಸುವ ವಂಶವಾಹಿಗಳೂ ಗುರಾಣಿಯ ವಂಶವಾಹಿಗಳೂ ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ ಒಂದೇ ಕಟ್ಟಿನಲ್ಲಿರುತ್ತವೆ. ಕತ್ತಿಯನ್ನು ಕೊಡುವಾಗ ಪ್ರಕೃತಿ ಗುರಾಣಿಯನ್ನೂ ಜೊತೆಗೇ ಕಟ್ಟಿಕೊಟ್ಟಿದೆ.

ಗುರಾಣಿ ವೈರಿಯ ಕೈಗೆ ಹೋದರೆ

ಇಲ್ಲಿಯವರೆಗೆ ಎಲ್ಲವೂ ಸರಿ. ತೊಂದರೆ ಶುರುವಾಗುವುದು ಗುರಾಣಿ ಕೈ ಬದಲಾಯಿಸಿದಾಗ. ಒಳ್ಳೆಯ ರಾಗಿ ಬೀಜವನ್ನು ನೆರೆಯವರೊಂದಿಗೆ ಹಂಚಿಕೊಳ್ಳುವುದು ನಮ್ಮ ಹಳ್ಳಿಗಳ ರೂಢಿ. ದುಂಡಾಣುಗಳಿಗೂ ಇಂತಹ ರೂಢಿಯಿದೆ. ಪ್ಲಾಸ್ಮಿಡ್ ಎಂಬ ಉಂಗುರದಂತಹ ವಂಶವಾಹಿ ತುಂಡನ್ನು ಅವು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಕೊಡುವ ಜೀವಿ ಒಂದು ಜಾತಿ, ಪಡೆಯುವ ಜೀವಿ ಬೇರೆ ಜಾತಿಯಾಗಿದ್ದರೂ ಆಗಬಹುದು. ಒಂದೇ ಉಂಗುರದಲ್ಲಿ ಹಲವು ಮದ್ದುಗಳಿಗೆ ಗುರಾಣಿಗಳು ಸೇರಿರುವುದೂ ಉಂಟು.

೧೯೭೩ರಲ್ಲಿ ಬೆನ್‌ವೆನಿಸ್ಟ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಒಂದು ಹೋಲಿಕೆಯನ್ನು ತೋರಿಸಿಕೊಟ್ಟರು. ಆಸ್ಪತ್ರೆಗಳಲ್ಲಿ ಮದ್ದಿಗೆ ಬಗ್ಗದ ರೋಗಾಣುಗಳು ಬಳಸುವ ಕಿಣ್ವಗಳಿಗೂ, ಸ್ಟ್ರೆಪ್ಟೊಮೈಸಿಸ್ ಗುಂಪಿನ ಮಣ್ಣಿನ ಜೀವಿಗಳ ಕಿಣ್ವಗಳಿಗೂ ಕೆಲಸದಲ್ಲಿ ಸಾಮ್ಯವಿದ್ದಿತು. ರೋಗಾಣುಗಳ ಗುರಾಣಿಯ ಮೂಲ ಮದ್ದು ತಯಾರಿಸುವ ಜೀವಿಗಳಲ್ಲೇ ಇರಬಹುದೆಂದು ಅವರು ಸೂಚಿಸಿದರು. ೨೦೦೬ರಲ್ಲಿ ಕೆನಡಾದ ಸಂಶೋಧಕರು ಮಣ್ಣಿನಿಂದ ಬೇರ್ಪಡಿಸಿದ ೪೮೦ ಜೀವಿಗಳನ್ನು ೨೧ ಪ್ರತಿಜೀವಕಗಳಿಗೆ ಒಡ್ಡಿ ನೋಡಿದಾಗ, ಅವು ಸರಾಸರಿ ಏಳೆಂಟು ಮದ್ದುಗಳನ್ನು ತಡೆದುಕೊಂಡವು. ೨೦೧೧ರಲ್ಲಿ ೩೦,೦೦೦ ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿಯೂ ಗುರಾಣಿಯ ವಂಶವಾಹಿಗಳು ಸಿಕ್ಕವು. ಎಂದರೆ ಗುರಾಣಿಯನ್ನು ಮನುಷ್ಯ ಹುಟ್ಟಿಸಿದ್ದಲ್ಲ. ಅದು ಮಣ್ಣಿನ ಹಳೆಯ ಆಸ್ತಿ. ಆದರೆ ಅದನ್ನು ರೋಗಾಣುಗಳ ಮನೆಗೆ ಕರೆಸಿ ಕೂರಿಸಿದ್ದು ನಮ್ಮ ಮಿತಿಮೀರಿದ ಮದ್ದಿನ ಬಳಕೆ. ಮದ್ದು ಬಿದ್ದಾಗಲೆಲ್ಲ ಗುರಾಣಿಯಿಲ್ಲದ ದುಂಡಾಣುಗಳು ಸಾಯುತ್ತವೆ. ಗುರಾಣಿಯುಳ್ಳ ಒಂದೆರಡು ಉಳಿದು, ಪೈಪೋಟಿಯಿಲ್ಲದ ಹೊಲದಲ್ಲಿ ಕಳೆ ಹಬ್ಬಿದಂತೆ ಹಬ್ಬುತ್ತವೆ.

ಇದು ಊಹೆಯ ಮಾತಲ್ಲ. ಅಮೆರಿಕದ ಸೇಬು ಮತ್ತು ಮರಸೇಬು ತೋಟಗಳಲ್ಲಿ ಬೆಂಕಿರೋಗವೆಂಬ ದುಂಡಾಣು ರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಸಿಂಪಡಿಸುತ್ತಿದ್ದರು. ೧೯೭೧ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮದ್ದಿಗೆ ಬಗ್ಗದ ರೋಗಾಣು ಕಾಣಿಸಿಕೊಂಡಿತು. ಅದು ತನ್ನ ರೈಬೋಸೋಮಿನ ಬೀಗವನ್ನೇ ಬದಲಾಯಿಸಿಕೊಂಡಿತ್ತು. ಮುಂದೆ ಮಿಚಿಗನ್ ರಾಜ್ಯದ ತೋಟಗಳಲ್ಲಿ ಸಿಕ್ಕ ರೋಗಾಣು, ಬೇರೆ ದುಂಡಾಣುಗಳಿಂದ ಪಡೆದ ವಂಶವಾಹಿಗಳ ಬಲದಿಂದ ಮದ್ದಿಗೆ ರಂಜಕದ ತುಣುಕನ್ನು ಜೋಡಿಸಿ ಅದನ್ನು ನಿಷ್ಫಲಗೊಳಿಸುತ್ತಿತ್ತು. ಮದ್ದು ತಯಾರಿಸುವ ಜೀವಿಯ ಒರೆಯ ಉಪಾಯವೇ ಇದು! ಒಂದು ವ್ಯತ್ಯಾಸವೆಂದರೆ, ರೋಗಾಣು ಆ ಒರೆಯನ್ನು ಮತ್ತೆ ತೆಗೆಯುವುದಿಲ್ಲ.

ಕೋಳಿ ಸಾಕಣೆಯೂ ಇಂತಹ ಪಾಠ ಕಲಿಸಿದೆ. ಯೂರೋಪಿನಲ್ಲಿ ವ್ಯಾಂಕೊಮೈಸಿನ್‌ನ ಹತ್ತಿರದ ಬಂಧುವಾದ ಅವೊಪಾರ್ಸಿನ್ ಎಂಬ ಮದ್ದನ್ನು ಕೋಳಿ, ಹಂದಿಗಳು ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದರು. ಆ ಪ್ರಾಣಿಗಳ ಕರುಳಿನಲ್ಲಿ ವ್ಯಾಂಕೊಮೈಸಿನ್‌ಗೂ ಬಗ್ಗದ ದುಂಡಾಣುಗಳು ಬೆಳೆದವು. ಅವು ಬಳಸಿದ್ದು ಕೋಶಭಿತ್ತಿಯ ಇಟ್ಟಿಗೆಯ ತುದಿ ಬದಲಿಸುವ ಉಪಾಯವನ್ನೇ. ಡೆನ್ಮಾರ್ಕ್ ೧೯೯೫ರಲ್ಲಿ, ಯೂರೋಪಿನ ಒಕ್ಕೂಟ ೧೯೯೭ರಲ್ಲಿ ಈ ಮೇವಿನ ಮದ್ದನ್ನು ನಿಷೇಧಿಸಬೇಕಾಯಿತು.

ಗುಲಾಬಿಯ ಬುಡದ ಗಂಟು

ಗುಲಾಬಿ ಬೆಳೆಯುವವರು ಗಿಡದ ಬುಡದಲ್ಲಿ ಒರಟಾದ ಗಂಟುಗಳನ್ನು ಕಂಡಿರಬಹುದು. ಇದು ಅಗ್ರೊಬ್ಯಾಕ್ಟೀರಿಯಂ ಎಂಬ ದುಂಡಾಣುವಿನ ಕೆಲಸ. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಅಲೆನ್ ಕೆರ್ ಎಂಬ ಸಸ್ಯರೋಗ ತಜ್ಞರು ಈ ರೋಗಕ್ಕೆ ಅದೇ ಕುಲದ ರೋಗ ತರದ ಬಂಧುವೊಂದನ್ನು ಎದುರು ನಿಲ್ಲಿಸಿದರು. ಕೆ-೮೪ ಎಂಬ ಈ ದುಂಡಾಣುವಿನ ದ್ರಾವಣದಲ್ಲಿ ಸಸಿಯ ಬೇರನ್ನು ಅದ್ದಿ ನೆಟ್ಟರೆ ಗಂಟು ಬರುವುದು ತಪ್ಪುತ್ತಿತ್ತು. ೧೯೭೦ರ ದಶಕದಲ್ಲಿ ಈ ಕ್ರಮ ಬಳಕೆಗೆ ಬಂತು.

ಕೆ-೮೪ ತಯಾರಿಸುವ ಅಗ್ರೊಸಿನ್ ಎಂಬ ವಿಷ, ರೋಗಾಣುವಿನ ಪ್ರೋಟೀನ್ ಕಟ್ಟುವ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಕೆ-೮೪ರಲ್ಲಿ ಅದೇ ಕೆಲಸ ಮಾಡುವ, ವಿಷ ತಾಗದ ಎರಡನೆಯ ಕಿಣ್ವವಿದೆ. ನಾವು ಮೇಲೆ ಹೇಳಿದ ಬದಲಿ ಸಲಕರಣೆ ಇದೇ. ಆದರೆ ವಿಷವೂ ಗುರಾಣಿಯೂ ಇದ್ದುದು ಒಂದು ಪ್ಲಾಸ್ಮಿಡ್ ಉಂಗುರದಲ್ಲಿ. ಆ ಉಂಗುರ ರೋಗಾಣುವಿಗೇ ದಾಟಬಲ್ಲದೆಂದು ಕಂಡುಬಂತು. ದಾಟಿದರೆ ಮುಂದೆ ಕೆ-೮೪ರಿಂದ ಪ್ರಯೋಜನವಿಲ್ಲ. ಆದ್ದರಿಂದ ವಿಜ್ಞಾನಿಗಳು ಉಂಗುರವನ್ನು ದಾಟಿಸುವ ವಂಶವಾಹಿ ಭಾಗವನ್ನೇ ಕತ್ತರಿಸಿ ತೆಗೆದು, ಕೆ-೧೦೨೬ ಎಂಬ ಹೊಸ ತಳಿಯನ್ನು ಸಿದ್ಧಪಡಿಸಿ ೧೯೮೦ರ ದಶಕದ ಕೊನೆಗೆ ಬಳಕೆಗೆ ಬಿಟ್ಟರು. ಮದ್ದನ್ನು ರಕ್ಷಿಸಬೇಕಾದರೆ ಗುರಾಣಿಗೆ ಕಾವಲಿಡಬೇಕೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಗರಕ್ಕೂ ಹೊಲಕ್ಕೂ ಒಂದೇ ದಾರಿ

ಹಳೇ ಮದರಾಸು ರಸ್ತೆಯಲ್ಲಿ ಹೊಸಕೋಟೆಯ ಕಡೆಯಿಂದ ಬರುವ ತರಕಾರಿ ಕೃಷ್ಣರಾಜಪುರದ ಸಂತೆ, ಹಲಸೂರಿನ ಅಂಗಡಿಗಳನ್ನು ದಾಟಿ ದಂಡು ಪ್ರದೇಶದಲ್ಲಿ ೧೯೨೭ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯವರೆಗೆ ಹೋಗುತ್ತದೆ. ನಗರದ ಕೊಳಚೆ ನೀರು ಎದುರು ದಿಕ್ಕಿಗೆ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಸೇರುತ್ತದೆ. ೨೦೧೮ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೂ ಹರಿಯುತ್ತಿದೆ. ಮನುಷ್ಯರೂ ದನಗಳೂ ಸೇವಿಸಿದ ಹಲವು ಪ್ರತಿಜೀವಕಗಳ ಬಹುಪಾಲು ಮಲಮೂತ್ರದ ಮೂಲಕ ಹೊರಗೆ ಹೋಗುತ್ತದೆ. ಆದ್ದರಿಂದ ಪೇಟೆಯ ಮದ್ದು ಹೊಲದ ಮಣ್ಣನ್ನೂ, ಹೊಲದ ಮದ್ದು ಪೇಟೆಯ ತಟ್ಟೆಯನ್ನೂ ಮುಟ್ಟಬಲ್ಲದು. ಇಂದು ಹೊಲದಲ್ಲಿ ಹೆಚ್ಚಾಗಿ ಸಿಂಪಡಿಸಿದ ಮದ್ದು, ನಾಳೆ ನಮ್ಮ ಮಗುವಿನ ಜ್ವರಕ್ಕೆ ನಾಟದೆ ಹೋದರೆ ಯಾರನ್ನು ದೂರುವುದು?

ಸರ್ಕಾರವೂ ಈ ವಿಷಯದಲ್ಲಿ ಹೆಜ್ಜೆ ಇಟ್ಟಿದೆ. ಕೊಲಿಸ್ಟಿನ್ ಎಂಬ ಮದ್ದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಮತ್ತು ಕೋಳಿಗಳಿಗೆ ನೀಡುವುದನ್ನು ೨೦೧೯ರಲ್ಲಿ ನಿಷೇಧಿಸಲಾಯಿತು. ಬೆಳೆಗಳಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ೨೦೨೪ರ ಜನವರಿ ೧ರಿಂದ ಪೂರ್ತಿ ನಿಲ್ಲಿಸುವ ಉದ್ದೇಶದ ಕರಡು ಆದೇಶವನ್ನು ಕೇಂದ್ರ ಸರ್ಕಾರ ೨೦೨೧ರ ಡಿಸೆಂಬರಿನಲ್ಲಿ ಹೊರಡಿಸಿತು. ಸ್ಟ್ರೆಪ್ಟೊಸೈಕ್ಲಿನ್ ಪುಡಿಯಲ್ಲಿರುವುದು ಈ ಎರಡು ಮದ್ದುಗಳೇ ಎಂಬುದನ್ನು ನೆನಪಿಡಿ.

ರೈತರು ಗಮನಿಸಬೇಕಾದ ಅಂಶಗಳು

೧. ಮೊದಲು ರೋಗವನ್ನು ಗುರುತಿಸಿ. ಶಿಲೀಂಧ್ರ, ನಂಜುರೋಗ, ಕೀಟ ಇವುಗಳಿಗೆ ದುಂಡಾಣುನಾಶಕ ಸಿಂಪಡಿಸುವುದು ಹಣ ಸುರಿದಂತೆ. ಟೊಮೇಟೊ ಗಿಡ ಹಸಿರಾಗಿದ್ದಂತೆಯೇ ಸೊರಗಿದರೆ ಬುಡದ ಕಾಂಡವನ್ನು ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆಗಳು ಇಳಿದರೆ ಅದು ದುಂಡಾಣು ಸೊರಗು ರೋಗ.

೨. ಸೊರಗು ರೋಗ ಬಂದ ತಾಕಿನಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳನ್ನು ಒಂದರ ಹಿಂದೆ ಒಂದರಂತೆ ಬೆಳೆಯಬೇಡಿ. ರಾಗಿ ಅಥವಾ ಮುಸುಕಿನ ಜೋಳದೊಂದಿಗೆ ಬೆಳೆ ಪರಿವರ್ತನೆ ಮಾಡಿ. ರೋಗದ ಗಿಡಗಳನ್ನು ಕಿತ್ತು ಹೊಲದಿಂದ ಹೊರಗೆ ಹಾಕಿ.

೩. ರೋಗ ತಡೆಯುವ ತಳಿಗಳನ್ನು ಆರಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಸಂಕರಣ ತಳಿ ದುಂಡಾಣು ಸೊರಗು ರೋಗವನ್ನೂ ತಡೆದುಕೊಳ್ಳುತ್ತದೆ.

೪. ಎಲೆಕೋಸಿನ ಕಪ್ಪು ಕೊಳೆ ರೋಗ ಬೀಜದಿಂದಲೂ ಬರುತ್ತದೆ. ಬೀಜವನ್ನು ೫೦ ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ೨೫ ನಿಮಿಷ ಇಟ್ಟು, ಕೂಡಲೇ ತಣ್ಣೀರಿಗೆ ಹಾಕಿ, ನೆರಳಿನಲ್ಲಿ ಒಣಗಿಸಿ ಬಿತ್ತಿ. ಶಾಖವನ್ನು ಉಷ್ಣಮಾಪಕದಿಂದಲೇ ನೋಡಿ. ಕೈಯಿಂದ ಅಂದಾಜು ಮಾಡಬೇಡಿ.

೫. ಸ್ಯೂಡೊಮೊನಾಸ್‌ನಂತಹ ಉಪಕಾರಿ ದುಂಡಾಣುಗಳನ್ನು ತಾಮ್ರಯುಕ್ತ ಔಷಧ ಅಥವಾ ದುಂಡಾಣುನಾಶಕದೊಂದಿಗೆ ಬೆರೆಸಬೇಡಿ. ಸ್ಯೂಡೊಮೊನಾಸ್ ಕೂಡ ರೋಗಾಣುಗಳ ವಿರುದ್ಧ ತನ್ನದೇ ವಿಷಗಳನ್ನು ತಯಾರಿಸುತ್ತದೆ. ಅದರ ಗುರಾಣಿ ಇರುವುದು ಆ ವಿಷಗಳಿಗೆ. ನೀವು ಡಬ್ಬಿಯಲ್ಲಿ ಬೆರೆಸುವ ವಿಷಕ್ಕಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವವಿರುವ ಮಣ್ಣಿಗೆ ಹಾಕಿ.

೬. ಅಭ್ಯಾಸಬಲದಿಂದ, "ಇರಲಿ" ಎಂದು ಪ್ರತಿ ಸಿಂಪಡಣೆಗೂ ಪ್ರತಿಜೀವಕ ಸೇರಿಸಬೇಡಿ. ಮನುಷ್ಯರ ಮಾತ್ರೆ, ಕ್ಯಾಪ್ಸೂಲುಗಳನ್ನು ಬೆಳೆಗೆ ಬಳಸಲೇಬೇಡಿ. ಯಾವುದೇ ಮದ್ದನ್ನು ಕೊಳ್ಳುವ ಮುನ್ನ ಅದಕ್ಕೆ ನಿಮ್ಮ ಬೆಳೆಯಲ್ಲಿ ಅನುಮತಿ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

೭. ಕೋಳಿ, ದನಗಳಿಗೆ ಪಶುವೈದ್ಯರ ಸಲಹೆಯಿಲ್ಲದೆ ಪ್ರತಿಜೀವಕ ಕೊಡಬೇಡಿ. ಕೊಟ್ಟರೆ, ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಹಾಲು, ಮೊಟ್ಟೆ, ಮಾಂಸವನ್ನು ಮಾರಬೇಡಿ. ಕೋಳಿ ಗೊಬ್ಬರವನ್ನು ಹಸಿಯಾಗಿ ಹಾಕದೆ ರಾಶಿ ಹಾಕಿ, ಬಿಸಿಯೇರಿ ಚೆನ್ನಾಗಿ ಕಳಿತ ಮೇಲೆ ಹೊಲಕ್ಕೆ ಹಾಕಿ.

ಮಣ್ಣಿನ ಆ ಚಿಕ್ಕ ಜೀವಿ ವಿಷವನ್ನು ತಯಾರಿಸುತ್ತದೆ; ಆದರೆ ಮೊದಲು ತನ್ನ ಮನೆಯನ್ನು ಭದ್ರಪಡಿಸಿಕೊಳ್ಳುತ್ತದೆ, ಬೇಕಾದಾಗ ಮಾತ್ರ ಒರೆಯಿಂದ ಕತ್ತಿ ತೆಗೆಯುತ್ತದೆ. ಅದರ ಕತ್ತಿಯನ್ನು ಎರವಲು ಪಡೆದ ನಾವು ಈ ಎಚ್ಚರವನ್ನೂ ಅದರಿಂದಲೇ ಕಲಿಯಬೇಕಾಗಿದೆ. ಮುಂದಿನ ಮುಂಗಾರಿನಲ್ಲಿ ಮೊದಲ ಮಳೆಗೆ ಮಣ್ಣು ಘಮ್ಮೆಂದಾಗ, ಕಾಲ ಕೆಳಗೆ ಕೆಲಸ ಮಾಡುತ್ತಿರುವ ಈ ಜೀವಿಗಳನ್ನು ಒಮ್ಮೆ ನೆನೆಯೋಣ.